ಕಂಬಳಿ ಮುಟ್ಟದ ಅತ್ತೆ

ಹೋದ ತಿಂಗಳು ಶಿರಾ ಸಂತೆಯಲ್ಲಿ ಒಂದು ಕರಿ ಕಂಬಳಿ ಕೊಂಡೆ. ಮನೆಗೆ ತಂದು ಬಿಡಿಸಿದಾಗ ನೂಲಿಗೆ ಹಾಕುವ ಹುಣಸೆಬೀಜದ ಗಂಜಿಯ ಒಗರು ವಾಸನೆ ಮೂಗಿಗೆ ಬಡಿಯಿತು. ಊರಲ್ಲಿ ನಮ್ಮ ಹಿತ್ತಲ ಹಿಂದಿನ ಮನೆಯಲ್ಲಿದ್ದ ಅತ್ತೆ ಎದುರಿಗೇ ಬಂದು ಕೂತ ಹಾಗಾಯಿತು...

ಎಂಬತ್ತರ ದಶಕದ ಆರಂಭ. ಬರಗೂರಿನ ಕಡೆಯ ನಮ್ಮೂರಲ್ಲಿ ಅವಳಷ್ಟು ಸಣ್ಣಗೆ ಉಣ್ಣೆ ನೂಲುವವರು ಇನ್ನೊಬ್ಬರಿರಲಿಲ್ಲ. ರಕ್ತಸಂಬಂಧವೇನಿಲ್ಲ, ಬಾಯಿತುಂಬ ಅತ್ತೆ ಅನ್ನುತ್ತಿದ್ದೆ. ಉಣ್ಣೆಯಲ್ಲಿ ಸಿಕ್ಕಿದ ಮುಳ್ಳು ಆರಿಸಲು ನನ್ನನ್ನು ಕೂರಿಸಿಕೊಂಡು, "ಮುಳ್ಳು ಬುಟ್ರೆ ನಿನ್ ಗಂಡನ್ ಬೆನ್ನಿಗೇ ಚುಚ್ತದೆ ಕಣಮ್ಮ" ಎಂದು ಕೆಣಕುತ್ತಿದ್ದಳು. ಯಾರೊಂದಿಗಾದರೂ ನಗುತ್ತಲೇ ಮಾತು. ಆ ನಗುವೇ ಮುಳುವಾಯಿತು ಎಂದು ಊರು ಆಮೇಲೆ ಹೇಳಿತು.

ಉಣ್ಣೆ ತೊಳೆಯಲು ಅವಳು ಕೆರೆಯ ತೂಬಿಗೆ ವಾರಗಿತ್ತಿಯ ಜೊತೆ ಹೋಗುತ್ತಿದ್ದಳು. ಅವತ್ತು ವಾರಗಿತ್ತಿಗೆ ಜ್ವರ. ಮಧ್ಯಾಹ್ನ ಒಬ್ಬಳೇ ಹೋದಳು. ಪಕ್ಕದ ತೋಟದ ಪಂಪ್‌ಸೆಟ್ಟು ನೋಡಿಕೊಳ್ಳುತ್ತಿದ್ದವನು, ಊರ ಯಜಮಾನರ ಭಾಮೈದ, ಅವಳನ್ನು ಎಳೆದುಕೊಂಡು ಹೋಗಿ ಅತ್ಯಾಚಾರ ಮಾಡಿದ. ಊರವರು ಅದಕ್ಕೆ "ಅವಳು ಕೆಟ್ಟಳು" ಅಂದರು.

ಅತ್ತೆ ಮುಚ್ಚಿಡಲಿಲ್ಲ. ಬೀದಿಯಲ್ಲೇ ನಿಂತು ಹೇಳಿದಳು. ಸುತ್ತ ಸೇರಿದ ಹೆಂಗಸರಲ್ಲಿ ಮೊದಲು ಬಾಯಿ ಬಿಟ್ಟವಳು ನಮ್ಮಮ್ಮ: "ಒಬ್ಳೇ ಯಾಕೋದೆ?" ಆಮೇಲೆ ಎಲ್ಲರ ಬಾಯಲ್ಲೂ ಅದೇ. ಅವನೇಕೆ ಹಾಗೆ ಮಾಡಿದ ಎಂದು ಒಬ್ಬರಾದರೂ ಕೇಳಿದ್ದು ನೆನಪಿಲ್ಲ. ಅವತ್ತು ಸಂಜೆ ಅಮ್ಮ ನನ್ನ ತಲೆ ಬಾಚುತ್ತ, "ನಾವು ಅಂಗೆಲ್ಲ ಹೋಗಾಕಿಲ್ಲ, ನಮ್ಗೇನೂ ಆಗಾಕಿಲ್ಲ" ಅಂದಳು.

ಈಗ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವ ನನಗೆ ಆ ಮಾತಿನ ಒಳಗುಟ್ಟು ಗೊತ್ತು. ತಪ್ಪನ್ನು ನೊಂದವಳ ತಲೆಗೇ ಕಟ್ಟಿದರೆ ಉಳಿದವರಿಗೆ ನೆಮ್ಮದಿಯ ನಿದ್ದೆ ಬರುತ್ತದೆ. ಗೊತ್ತಿದ್ದೂ ನನ್ನ ಸಿಟ್ಟು ಇಳಿದಿಲ್ಲ.

ಪಂಚಾಯ್ತಿ ಸೇರಿತು. ನಮ್ಮಲ್ಲಿ ನ್ಯಾಯಕ್ಕೆ ಕೂರುವ ಮುಂಚೆ ಕರಿ ಕಂಬಳಿ ಹಾಸುತ್ತಿದ್ದರು. ಅದನ್ನು ಮುಟ್ಟಿ ಆಡಿದ ಮಾತು ದೇವರ ಮುಂದೆ ಆಡಿದಂತೆ. ಅವನು ಬಂದು ಕಂಬಳಿ ಮುಟ್ಟಿ "ಏನೋ ಆಗೋಯ್ತು" ಅಂದ. ಅವನ ಪಾಲಿನ ನ್ಯಾಯ ಅಲ್ಲಿಗೆ ಮುಗಿಯಿತು.

ಅತ್ತೆಗೆ ಯಜಮಾನರು ಹೇಳಿದರು: "ನಂದೇ ತಪ್ಪು ಅಂತ ಮುಟ್ಟಿ ಹೇಳಮ್ಮ, ಗಂಡನ್ ಮನೆ ಹೊಸ್ಲು ತುಳಿ. ಇಲ್ದಿದ್ರೆ ತವರಿಗೆ ನಡಿ."

ಅಮ್ಮ ಹಿಂದಿನಿಂದ ಪಿಸುಗುಟ್ಟಿದಳು, "ಅಂದ್ಬುಡು ತಾಯಿ, ಒಂದ್ ಮಾತ್ಗೆ ಮನೆ ಉಳೀತದೆ."

ಅತ್ತೆ ಕಂಬಳಿಯನ್ನೇ ನೋಡುತ್ತ ನಿಂತಿದ್ದಳು. "ಇದ್ರ ನೂಲು ತೆಗ್ದೋಳು ನಾನೇ ಕಣಣ್ಣ. ಇದ್ನ ಮುಟ್ಟಿ ಸುಳ್ಳು ಹೇಳಾಕಿಲ್ಲ" ಅಂದಳು.

ಗಂಡ ತಲೆ ಎತ್ತಲಿಲ್ಲ. ಮಾರನೆಯ ದಿನ ಬೆಳಗಿನ ಬಸ್ಸಿಗೆ, ನೂಲುವ ಕದರನ್ನು ಸೆರಗಿನಲ್ಲಿ ಸುತ್ತಿಕೊಂಡು, ಪಾವಗಡದ ಕಡೆಯ ತವರಿಗೆ ಹೊರಟುಹೋದಳು. ಕೆಲವು ವರ್ಷಗಳ ಮೇಲೆ ತೀರಿಕೊಂಡಳೆಂಬ ಸುದ್ದಿ ಬಂತು. ಮಣ್ಣಿಗೆ ನಮ್ಮೂರಿಂದ ಯಾರೂ ಹೋಗಲಿಲ್ಲ...

ಮೊನ್ನೆ ಈ ಹೊಸ ಕಂಬಳಿಯನ್ನು ಅಮ್ಮನ ಕಾಲ ಮೇಲೆ ಹೊದಿಸಿದೆ. ಹಣ್ಣಾದ ಜೀವ. ಕಂಬಳಿಯ ಅಂಚನ್ನು ಮೂಸಿ ನೋಡಿ ಅಂದಳು: "ಅವ್ಳು ಅಂಗೆ ಒಬ್ಳೇ ಹೋಗೋಕ್ ಮುಂಚಿನ್ ವಾರ ನಾನೂ ಒಬ್ಳೇ ಹೋಗಿದ್ದೆ ಕಣೇ, ಅದೇ ತೂಬಿಗೆ."

ಇಷ್ಟು ವರ್ಷಕ್ಕಾದರೂ ಬಂತಲ್ಲ ಈ ಮಾತು ಎಂದುಕೊಂಡೆ. ಕೇಳಿಸಿಕೊಳ್ಳಬೇಕಾದವಳು ಮಾತ್ರ ಇಲ್ಲ. ಅಮ್ಮನ ಕೈ ಹಿಡಿದುಕೊಂಡೆ.

ಅವಳು ಕೈ ಬಿಡಿಸಿಕೊಂಡು ಕಂಬಳಿಯನ್ನು ಎದೆವರೆಗೆ ಎಳೆದುಕೊಂಡಳು.

"ಆದ್ರೂ ಅವ್ಳು ಅಂಗೆ ನಗ್ಬಾರ್ದಿತ್ತು" ಅಂದಳು.