ಬೇವಿನ ಕೆಳಗೆ ಬಿಚ್ಚಿದ ಜಡೆ

ಆಗೆಲ್ಲ ನಮ್ಮೂರು ಯಳವತ್ತಿಯಲ್ಲಿ ಯುಗಾದಿ ಹತ್ತಿರ ಬಂದದ್ದು ಕೋಲಾಟದ ಸಪ್ಪಳದಿಂದಲೇ ಗೊತ್ತಾಗುತ್ತಿತ್ತು. ಶಾಲೆ ಬಿಟ್ಟ ಕೂಡಲೇ ನಾವು ಎಂಟು ಹುಡುಗಿಯರು ಗುಡಿಯ ಮುಂದೆ ಸೇರುತ್ತಿದ್ದೆವು. ಕಲಿಸುವವರು ನಮ್ಮಜ್ಜ. ಮೊದಲು ಹುರಿದ ಶೇಂಗಾ, ಬೆಲ್ಲ, ಆಮೇಲೆ ಬೈಗುಳ.

ನಮ್ಮದು ಜಡೆ ಕೋಲಾಟ. ಗುಡಿಯ ಮುಂದಿನ ತೊಲೆಯಿಂದ ಇಳಿಬಿಟ್ಟ ಹಗ್ಗಗಳ ತುದಿಯನ್ನು ಒಬ್ಬೊಬ್ಬರ ನಡುವಿಗೆ ಕಟ್ಟುತ್ತಿದ್ದರು. ಕೋಲು ಹೊಡೆಯುತ್ತ ಒಬ್ಬಳ ಒಳಬದಿಯಿಂದ, ಇನ್ನೊಬ್ಬಳ ಹೊರಬದಿಯಿಂದ ಸುತ್ತಿದರೆ ತಲೆಯ ಮೇಲೆ ಜಡೆ ಹೆಣೆದುಕೊಳ್ಳುತ್ತಿತ್ತು. ಬಿಚ್ಚಬೇಕಾದರೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು. ಅಲ್ಲಿಯವರೆಗೆ ನಡುವಿಗೆ ಬಿಗಿದ ಗಂಟು ಸಡಿಲವಾಗುತ್ತಿರಲಿಲ್ಲ. ತಪ್ಪುವವಳು ಯಾವಾಗಲೂ ನಾನೇ. "ನಿನ್ನ ಕಾಲು ಶಿರಹಟ್ಟಿಗೆ ಹೊಂಟಾವ, ನೀ ಇಲ್ಲೇ ಅದಿ" ಎಂದು ನನ್ನ ಪಕ್ಕದಲ್ಲಿ ಕುಣಿಯುವ ಗಂಗವ್ವ ಕಾಡುತ್ತಿದ್ದಳು.

ಒಂದು ವರ್ಷ ಗುಡಿಯ ತೊಲೆಯ ಕಬ್ಬಿಣದ ಬಳೆ ಸಡಿಲಾಗಿತ್ತು. ಅಜ್ಜ ಹಗ್ಗಗಳನ್ನು ಗುಡಿಯ ಅಂಗಳದ ಬೇವಿನ ಟೊಂಗೆಗೆ ಕಟ್ಟಿದರು. ಮರದ ತುಂಬ ಹೂ. ಆ ಘಮದಲ್ಲಿ ಯಾರೂ ಮೇಲೆ ನೋಡಲಿಲ್ಲ. ಜಡೆ ಮುಕ್ಕಾಲು ಹೆಣೆದು, ನಾವು ಭುಜಕ್ಕೆ ಭುಜ ತಾಗುವಷ್ಟು ಹತ್ತಿರವಾಗಿದ್ದಾಗ ಗಂಗವ್ವನ ಕೋಲು ನಿಂತಿತು. ಅವಳು ಕತ್ತೆತ್ತಿದ್ದಳು.

ಮೇಲಿನ ಟೊಂಗೆಯಲ್ಲಿ ಹೆಜ್ಜೇನು. ಗೂಡಿನ ಮೈಮೇಲೆ ಕಪ್ಪು ಅಲೆಯೊಂದು ಸರ್ರನೆ ಹಾಯ್ದಿತು, ಹಿಂದೆಯೇ ಮತ್ತೊಂದು. ಲೆಕ್ಕವಿಲ್ಲದಷ್ಟು ಹುಳು, ಹೊರಳುವುದು ಮಾತ್ರ ಒಟ್ಟಿಗೇ. ನಾವು ಜಗ್ಗಿದಂತೆಲ್ಲ ಮರ ನಡುಗುತ್ತಿತ್ತು.

ಹಿಂದಿನ ವರ್ಷ ಹೊಲದಲ್ಲಿ ಒಂದೇ ಒಂದು ಜೇನುಹುಳು ಕಡಿದು ಗಂಗವ್ವನ ಗಂಟಲು ಬಾತಿತ್ತು. ಲಕ್ಷ್ಮೇಶ್ವರದ ದವಾಖಾನೆ ಮುಟ್ಟುವಷ್ಟರಲ್ಲಿ ತುಟಿ ನೀಲಿಗಟ್ಟಿತ್ತು. ಇನ್ನೊಮ್ಮೆ ಕಡಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ನಮಗೆಲ್ಲ ಗೊತ್ತಿತ್ತು.

"ಅಜ್ಜಾ, ಹಗ್ಗ ಕೊಯ್ರಿ" ಎಂದಳು ಗಂಗವ್ವ.

"ಕೊಯ್ದರ ಟೊಂಗಿ ಮ್ಯಾಲಕ ಜಿಗೀತೈತಿ, ಹುಳ ಏಳ್ತಾವ, ತಂಗಿ. ಯಾರೂ ಓಡಬ್ಯಾಡ್ರಿ. ಕೋಲು ಮೆಲ್ಲಕ ಕೆಳಗ ಇಡ್ರಿ. ಹಿಂದಕ ನಡೀರಿ."

ಅಜ್ಜ ಹಾಡಲಿಲ್ಲ. "ಒಳಗ... ಹೊರಗ..." ಎಂದು ಪಿಸುಗುಟ್ಟಿದರು. ನಾವು ಬರಿಗಾಲನ್ನು ಮಣ್ಣಿಗೂ ಕೇಳಿಸದಂತೆ ಇಡುತ್ತ ಹಿಂದೆ ಸರಿದೆವು. ಹುಳುಗಳು ಕೆಳಗಿಳಿಯತೊಡಗಿದವು. ಒಂದು ಗಂಗವ್ವನ ತೋಳಿನ ಮೇಲೆ ಕೂತಿತು. ಮುಂದಿನ ಹೆಜ್ಜೆಗೆ ನಾನು ಅವಳ ಒಳಬದಿಯಿಂದ ಹಾಯಬೇಕು, ಮೈ ತಾಗದಂತೆ.

"ನಿನ್ನ ಕಾಲು ಇವತ್ತೊಂದಿನ ಇಲ್ಲೇ ಇರ್ಲಿ, ಯವ್ವಾ" ಎಂದು ಅವಳು ತುಟಿ ಅಲ್ಲಾಡಿಸದೆ ಉಸುರಿದಳು.

ಹಾಯ್ದೆ. ಹುಳು ಎದ್ದು ಹೋಯಿತು.

ಎಳೆ ಎಳೆಯಾಗಿ ಜಡೆ ಬಿಚ್ಚಿಕೊಂಡಿತು. ಅಜ್ಜ ಮೊಣಕಾಲೂರಿ ಮೊದಲು ಅವಳ ಗಂಟು ತೆಗೆದರು. ಗಂಗವ್ವ ಓಡಲಿಲ್ಲ, ನಡೆದೇ ಹೋದಳು. ಗುಡಿಯ ಹೊಸ್ತಿಲು ದಾಟಿದ ಮೇಲೆ ಕುಸಿದು ಕೂತು, ತಿಂದ ಶೇಂಗಾವನ್ನೆಲ್ಲ ವಾಂತಿ ಮಾಡಿಕೊಂಡಳು. ಯಾರಿಗೂ ಹುಳು ಕಡಿದಿರಲಿಲ್ಲ.

ಮೊನ್ನೆ ಶಿರಹಟ್ಟಿಯ ಕಡೆ ಒಂದು ಕಾರ್ಯಕ್ರಮದಲ್ಲಿ ಮಕ್ಕಳ ಜಡೆ ಕೋಲಾಟ ನೋಡಿದೆ. ಬಣ್ಣದ ರಿಬ್ಬನ್, ಸ್ಪೀಕರಿನ ಹಾಡು. ಹೆಣೆದು ಮುಗಿಯಿತು, ಚಪ್ಪಾಳೆ ಬಿತ್ತು, ಮಕ್ಕಳು ರಿಬ್ಬನ್ ಕೈಬಿಟ್ಟು ಫೋಟೋಗೆ ನಿಂತರು.

"ಬಿಚ್ಚೂದು ಇಲ್ಲೇನ್ರಿ?" ಎಂದು ಕಲಿಸಿದ ಅಕ್ಕೋರನ್ನು ಕೇಳಿದೆ.

"ಅದು ನಮಗೂ ಬರೂದಿಲ್ರಿ. ಕತ್ತರಿ ಹಾಕ್ತೇವಿ."

ಮನೆಗೆ ಬಂದು ಅಂಗಳದಲ್ಲಿ ಒಬ್ಬಳೇ ಹಿಂದಕ್ಕೆ ನಡೆದು ನೋಡಿದೆ. ಒಳಗೆ, ಹೊರಗೆ. ಆಮೇಲೆ ಗಂಗವ್ವನ ಒಳಬದಿಯಿಂದ ಹಾಯಬೇಕು, ಆ ಜಾಗದಲ್ಲಿ ಯಾರೂ ಇರಲಿಲ್ಲ.