ಬಲಗಡೆಯ ಸ್ಪೀಕರಿಗೆ ಕೈ ಹಚ್ಚುವ ಮುನ್ನ

ಎರ್ನಾಕುಲಂನಿಂದ ತಿರುವನಂತಪುರದ ಕಡೆಗೆ ಹೊರಟ ರೈಲಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಎದುರು ಬದುರು ಕೂತವರೆಲ್ಲ ತೂಕಡಿಸುತ್ತಿದ್ದಾರೆ. ಜುಬೈದಾ ಮಾತ್ರ ನೆಟ್ಟಗೆ ಕೂತಿದ್ದಾರೆ. ತೊಡೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಹಳೆಯ ಪಂಚೆಯ ಮೆತ್ತೆ, ಮೆತ್ತೆಯ ಮೇಲೆ ಊಟದ ತಟ್ಟೆಯಗಲದ ಒಂದು ಸ್ಪೀಕರ್. ಮೇಲಿನ ಹಲಗೆಯಲ್ಲಿ ಜಾಗ ಧಾರಾಳವಾಗಿದೆ, ಆದರೆ ಅಲ್ಲಿಡಲು ಅವರಿಗೆ ಧೈರ್ಯವಿಲ್ಲ. ಕೆಳಗಿಟ್ಟರೆ ಯಾರಾದರೂ ಕಾಲು ತಾಗಿಸಿಯಾರು ಎಂಬ ಭಯ. ರೈಲು ಹಳಿ ಬದಲಿಸಿದಾಗಲೆಲ್ಲ ಎರಡೂ ಅಂಗೈ ಪೆಟ್ಟಿಗೆಯನ್ನು ತಬ್ಬುತ್ತವೆ. ಪಕ್ಕದ ಹೆಂಗಸು ಎಚ್ಚರಗೊಂಡು, ಒಳಗೆ ಕೋಳಿಮರಿ ಇದೆಯಾ ಎಂದು ಮಲಯಾಳದಲ್ಲಿ ವಿಚಾರಿಸುತ್ತಾರೆ. ಜುಬೈದಾ ಇಲ್ಲವೆಂದು ತಲೆಯಾಡಿಸುತ್ತಾರೆ. ಚಹಾದವನು ಎರಡು ಸಲ ಬಂದು ಹೋದರೂ ಲೋಟ ಹಿಡಿಯಲು ಕೈ ಬಿಡುವಿಲ್ಲ.

ಕಾಸರಗೋಡಿನ ಉಪ್ಪಳದಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಮದುವೆಯಾಗಿ ಕೊಚ್ಚಿಗೆ ಬಂದ ಜುಬೈದಾ ಈಗ ಎಡಪ್ಪಳ್ಳಿಯ ದೊಡ್ಡ ಮಾಲಿನ ಹಿಂದಿನ ಓಣಿಯಲ್ಲಿ ಹಳೆಯ, ಭಾರೀ ಬೆಲೆಯ ಸ್ಪೀಕರುಗಳನ್ನು ಸರಿಮಾಡುತ್ತಾರೆ. ಅಂಗಡಿಗೆ ಬೋರ್ಡಿಲ್ಲ. ಗಂಡ ಇಬ್ರಾಹಿಂ ಮದುವೆ ಮನೆಗಳ, ಪಕ್ಷದ ಸಭೆಗಳ ಮೈಕ್ ಸೆಟ್ಟು ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ಇವರು ಪಕ್ಕದಲ್ಲಿ ಕೂತು ಅಂಟು ಹಚ್ಚಿಕೊಡುತ್ತಿದ್ದರು. ತಾಯಿಯ ಜೊತೆ ಬೀಡಿ ಕಟ್ಟಿ ಪಳಗಿದ ಬೆರಳುಗಳಿಗೆ ಆ ಕೆಲಸ ತಾನಾಗಿ ಒಲಿಯಿತು. ಆಮೇಲೆ ಇಬ್ರಾಹಿಂಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಬೆರಳ ತುದಿಗಳು ಜೋಮು ಹಿಡಿದವು. ಬಿಸಿ ಕಾವಲಿ ಮುಟ್ಟಿದರೂ ಗೊತ್ತಾಗದ ಕೈಯಲ್ಲಿ ಸ್ಪೀಕರಿನ ಸದ್ದು ಹೊರಡಿಸುವ, ಕಾಗದದಷ್ಟು ತೆಳ್ಳಗಿನ ಕೋನ್ ಹಿಡಿಯುವುದು ಹೇಗೆ? ಅಂದಿನಿಂದ ಅವರು ಗಲ್ಲಾಪೆಟ್ಟಿಗೆಗೆ, ಇವರು ಕೆಲಸದ ಮೇಜಿಗೆ.

ಹೋದ ವರ್ಷ ಜುಬೈದಾಗೂ ಸಕ್ಕರೆ ಇದೆಯೆಂದು ತಿಳಿಯಿತು. ದಿನಾ ಬೆಳಿಗ್ಗೆ ತಲೆಕೂದಲೊಂದನ್ನು ಪತ್ರಿಕೆಯ ಹಾಳೆಯ ಕೆಳಗಿಟ್ಟು, ಕಣ್ಣು ಮುಚ್ಚಿ, ಹಾಳೆಯ ಮೇಲೆ ಬೆರಳಾಡಿಸಿ ಅದು ಎಲ್ಲಿದೆಯೆಂದು ಹುಡುಕುತ್ತಾರೆ. ಸಿಕ್ಕಿದರೆ ಅಂಗಡಿಯ ಬಾಗಿಲು ತೆರೆಯುತ್ತದೆ. "ಸಿಕ್ಕದ ದಿನ ಬಂದ್ರೆ ಎಂತ ಮಾಡುದು ಅಂತ ಯೋಚನೆ ಮಾಡಿದ್ರೆ ಕೆಲಸಕ್ಕೆ ಕೈ ಹೋಗುದಿಲ್ಲ. ಹಾಗಾಗಿ ಯೋಚನೆ ಮಾಡುದಿಲ್ಲ," ಎನ್ನುತ್ತಾರೆ. ಮಾಡುತ್ತಾರೆ ಎಂಬುದು ಮುಖ ನೋಡಿದರೆ ತಿಳಿಯುತ್ತದೆ.

ಹೆದರಿಕೆ ಅವರಿಗೆ ಹೊಸದಲ್ಲ. "ಇವಳಿಗೆ ಹಗ್ಗ ಕಂಡ್ರೂ ಹಾವು," ಎಂದು ಇಬ್ರಾಹಿಂ ಗಿರಾಕಿಗಳೆದುರಿಗೇ ಛೇಡಿಸುತ್ತಾರೆ. ಈ ಕಸುಬಿನಲ್ಲಿ ಧೈರ್ಯವಂತರಿಗೇನೂ ಬರವಿಲ್ಲ. ಸ್ಪೀಕರ್ ಬಂದ ಕೂಡಲೇ ಬ್ಲೇಡು ಹಾಕಿ, ಕೆಟ್ಟ ಮೇಲೆ ಹೊಸದು ತೆಗೆದುಕೊಳ್ಳಿ ಎನ್ನುವ ಶೂರರು ಪೇಟೆಯ ತುಂಬ ಇದ್ದಾರೆ. ಜುಬೈದಾ ಮೊದಲು ಸ್ಪೀಕರಿನ ಮರದ ಪೆಟ್ಟಿಗೆಯೊಳಗೆ ಮೂಗಿಟ್ಟು ಮೂಸುತ್ತಾರೆ. ಸುಟ್ಟ ವಾಸನೆ ಬಂದರೆ ಒಳಗಿನ ತಂತಿಯ ಸುರುಳಿ ಹೋಗಿದೆ ಎಂದರ್ಥ. ತೇವಕ್ಕೆ ಮರ ಉಬ್ಬಿದ್ದರೆ ದುರಸ್ತಿಯ ಆಸೆ ಬಿಡಿ ಎಂದು ಸೀದಾ ಹೇಳುತ್ತಾರೆ. ಕೋನಿನ ಸುತ್ತಲಿನ ಫೋಮ್ ಬಳೆ ಮಾತ್ರ ಕಡಲ ಗಾಳಿಗೆ ಪುಡಿಯಾಗಿದ್ದರೆ, ಅದನ್ನು ಕೆರೆದು ತೆಗೆದು ಹೊಸ ಬಳೆ ಅಂಟಿಸಬಹುದು. ಅದಕ್ಕೂ ಒಂದು ರಾತ್ರಿಯ ಯೋಚನೆ ಬೇಕು. ವಾರಕ್ಕೆ ಎರಡು ಜೊತೆಗಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ.

ಎದುರಿನ ಅಂಗಡಿಯಲ್ಲಿ ಹೊಸ ಸ್ಪೀಕರ್ ಮಾರುವ ಮಂಗಳೂರಿನ ಅಲ್ವಿನ್‌ಗೆ ಇವರ ಹೆದರಿಕೆಯ ಬೆಲೆ ಗೊತ್ತು. "ಜುಬೈದಕ್ಕ ಆಗುದಿಲ್ಲ ಅಂದ್ರೆ ಗಿರಾಕಿ ಸೀದಾ ನನ್ನಲ್ಲಿಗೆ ಬರ್ತಾರೆ. ಆಗ್ತದೆ ಅಂದ್ರೆ ನಾನು ತಲೆಕೆಳಗಾಗಿ ನಿಂತ್ರೂ ಬರುದಿಲ್ಲ ಮಾರಾಯ್ರೆ," ಎಂದು ನಗುತ್ತಾನೆ.

ತೊಡೆಯ ಮೇಲಿನ ಸ್ಪೀಕರಿನ ಒಡತಿ ಗೌರಿ ಮೊದಲು ಹೋದದ್ದು ಅಲ್ವಿನ್ ಬಳಿಗೇ. ಮೈಸೂರಿನವರು, ತಿರುವನಂತಪುರದ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸ, ಅಲ್ಲೇ ತುಂಬ ಎಂಬ ಊರಲ್ಲಿ ಕಡಲಿಗೆ ಹತ್ತಿರದ ಮನೆ. ಹತ್ತೊಂಬತ್ತು ವರ್ಷದ ಮಗಳು ಸಮೀಕ್ಷಾಗೆ ಆಟಿಸಂ. ಅವಳು ಮಾತಾಡುವುದಿಲ್ಲ. ಊರು ಬಿಟ್ಟು ಹೋದ ನೆರೆಯವರೊಬ್ಬರು ಮಾರಿದ ಆಳೆತ್ತರದ ಆ ಸ್ಪೀಕರ್ ಜೋಡಿ ಮನೆಗೆ ಬಂದಾಗ ಅವಳಿನ್ನೂ ಮಗು. ಅವುಗಳ ನಡುವೆ ಕೂತು ತಂಬೂರಿಯ ಶ್ರುತಿ ಕೇಳಿದರೆ ಅವಳ ದಿನ ಸುಸೂತ್ರ. ಕೇಳದಿದ್ದರೆ ಊಟವಿಲ್ಲ, ನಿದ್ದೆಯಿಲ್ಲ. ಈ ವರ್ಷ ಎರಡೂ ಸ್ಪೀಕರಿನ ಫೋಮ್ ಉದುರತೊಡಗಿ, ಎಡಗಡೆಯದು ಕರಕರ ಎನ್ನತೊಡಗಿತು. ಅಲ್ವಿನ್ ಪರೀಕ್ಷೆಗೆಂದು ಹೊಸ ಜೋಡಿ ಕೊಟ್ಟು ಕಳಿಸಿದ. ಅದರ ಶ್ರುತಿ ಕಿವಿಗೆ ಬಿದ್ದ ಕೂಡಲೇ ಸಮೀಕ್ಷಾ ಗೋಡೆಗೆ ಹಣೆ ಚಚ್ಚಿಕೊಂಡಳು. ಅದನ್ನು ಹಿಂದಿರುಗಿಸಲು ಬಂದ ಗೌರಿಯನ್ನು ಅಲ್ವಿನ್ ತಾನೇ ಜುಬೈದಾರ ಅಂಗಡಿಗೆ ಕರೆತಂದ.

ಜೋಡಿ ಸ್ಪೀಕರಿಗೆ ಒಟ್ಟಿಗೇ ಕೈ ಹಾಕಬೇಕು ಎಂಬುದು ಈ ಕಸುಬಿನ ಕಟ್ಟಳೆ. ಜುಬೈದಾ ಎಂದೂ ಅದನ್ನು ಮೀರಿದವರಲ್ಲ. ಈ ಸಲ ಮೀರಿದರು. ಎರಡನ್ನೂ ಕೆರೆದು, ಹುಡುಗಿ ಒಪ್ಪದೇ ಹೋದರೆ ಹಳೆಯ ಶಬ್ದವನ್ನು ಎಲ್ಲಿಂದ ತರುವುದು ಎಂದು ಹೆದರಿ, ತುಂಬದ ಮನೆಗೆ ಹೋಗಿ, ಆಳೆತ್ತರದ ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟು ಎಡಗಡೆಯದರ ಒಳಗಿನ ಸ್ಪೀಕರನ್ನು ಮಾತ್ರ ಬಿಚ್ಚಿ ಕೊಚ್ಚಿಗೆ ಒಯ್ದರು. ಸಮೀಕ್ಷಾ ವಾರವಿಡೀ ಬಲಗಡೆಯದೊಂದರಲ್ಲೇ ಶ್ರುತಿ ಕೇಳಿದಳು. ಸ್ವಲ್ಪ ಗೊಣಗಿದಳು, ಅಷ್ಟೇ.

ಬಿಸಿಲೇರುವ ಹೊತ್ತಿಗೆ ತುಂಬದ ಮನೆಯಲ್ಲಿ ಎಡಗಡೆಯ ಸ್ಪೀಕರ್ ತನ್ನ ಪೆಟ್ಟಿಗೆಯೊಳಗೆ ಕೂತಿದೆ. ಗೌರಿ ಶ್ರುತಿ ಹಾಕುತ್ತಾರೆ. ಕರಕರ ಇಲ್ಲ. ಸಮೀಕ್ಷಾ ಬಂದು ತನ್ನ ಜಾಗದಲ್ಲಿ ಕೂರುತ್ತಾಳೆ, ಕೂತವಳೇ ಏಳುತ್ತಾಳೆ. ತಲೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗುತ್ತದೆ. ಎರಡೂ ಕೈ ಕಿವಿಗೆ ಹೋಗುತ್ತವೆ. ಗಂಟಲಿನಿಂದ ಹೊರಟ ಸದ್ದು ತಾಯಿಗೆ ಚೆನ್ನಾಗಿ ಪರಿಚಯವಿರುವಂಥದು. ಅವಳು ಹಣೆಗೆ ಮುಷ್ಟಿ ಎತ್ತುವಷ್ಟರಲ್ಲಿ ಗೌರಿ ಓಡಿ ಬಂದು ಸ್ವಿಚ್ ಆರಿಸಿ, ಮಗಳ ಕೈ ಹಿಡಿದು ಒಳಗೆ ಕರೆದೊಯ್ಯುತ್ತಾರೆ.

ಜುಬೈದಾ ಇದ್ದಲ್ಲೇ ನೆಲದ ಮೇಲೆ ಕೂರುತ್ತಾರೆ. ತೆಗೆದ ಹಳೆಯ ಫೋಮ್ ಕಸದಬುಟ್ಟಿ ಸೇರಿ ದಿನಗಳಾಗಿವೆ. ಆ ಮಗುವಿನ ನೆಮ್ಮದಿಯ ಅರ್ಧವನ್ನು ತಾನು ಕೈಯಾರೆ ಕೆರೆದು ಎಸೆದೆನೇ? ಪೆಟ್ಟಿಗೆ ಹೊತ್ತು ಮುಂದಿನ ರೈಲಿಗೆ ಓಡಿಹೋಗೋಣವೆಂದು ಕೂಡ ಅನ್ನಿಸಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಓಡುವುದಿಲ್ಲ. ಎದ್ದು ಎರಡೂ ಕೋನುಗಳನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡುತ್ತಾರೆ. ಎಡಗಡೆಯದು ಬಿಗಿ. ಬಲಗಡೆಯದು ಸಡಿಲ, ಒತ್ತಿದರೆ ಅಂಚಿನಿಂದ ಕಪ್ಪು ಹಿಟ್ಟು ಉದುರುತ್ತದೆ. ಒಂದು ಮಾತಿಗೆ ಎರಡು ದನಿ. ವಾರವಿಡೀ ಒಂದೇ ಸ್ಪೀಕರನ್ನು ಸಹಿಸಿದ ಹುಡುಗಿ ಇಂದು ಸಹಿಸದೆ ಇರುವುದು ಹೊಸತನವನ್ನೋ, ಎರಡರ ನಡುವಿನ ವ್ಯತ್ಯಾಸವನ್ನೋ? ವ್ಯತ್ಯಾಸವನ್ನೇ ಆದರೆ, ತಪ್ಪು ಸ್ಪೀಕರಿನದಲ್ಲ, ಒಂದನ್ನೇ ಮುಟ್ಟಿದ ತನ್ನ ಹೆದರಿಕೆಯದು.

ಗೌರಿ ಹೊರಗೆ ಬಂದಾಗ ಜುಬೈದಾ ಬಲಗಡೆಯ ತಂತಿ ಕಿತ್ತಿದ್ದಾರೆ. "ಎಡದ್ದನ್ನು ಮಾತ್ರ ಹಾಕಿ ನೋಡುವ, ಗೌರಿಯವ್ರೆ. ಸಣ್ಣಕ್ಕೆ. ಅವಳನ್ನು ಕರೀಬೇಡಿ, ಬಂದ್ರೆ ಬರ್ಲಿ."

"ಮತ್ತೆ ಶುರುವಾದ್ರೆ ಇವತ್ತಿಡೀ ನಿಲ್ಲಲ್ಲ ಅಕ್ಕ. ನನ್ ಕೈಲಿ ತಡ್ಕೊಳೋಕಾಗಲ್ಲ."

"ನನಗೂ ಹೆದರಿಕೆ ಉಂಟು. ಆದ್ರೆ ಗೊತ್ತಾಗ್ಬೇಕಲ್ಲ."

ಶ್ರುತಿ ಶುರುವಾಗುತ್ತದೆ. ಬಹಳ ಹೊತ್ತಿನ ಮೇಲೆ ಸಮೀಕ್ಷಾ ಬಾಗಿಲಿಗೆ ಬರುತ್ತಾಳೆ. ನಿಲ್ಲುತ್ತಾಳೆ. ಒಂದು ಕಿವಿಯಿಂದ ಕೈ ತೆಗೆಯುತ್ತಾಳೆ, ಆಮೇಲೆ ಇನ್ನೊಂದರಿಂದ. ಗೋಡೆಯನ್ನು ಸವರಿಕೊಂಡೇ ಬಂದು ಎಡಗಡೆಯ ಪೆಟ್ಟಿಗೆಗೆ ಬೆನ್ನು ತಾಗಿಸಿ ಕೂರುತ್ತಾಳೆ. ಹೊಸತನಕ್ಕೆ ಅವಳ ತಕರಾರಿಲ್ಲ.

ಈಗ ಉಳಿದದ್ದು ಬಲಗಡೆಯದು. ಅದನ್ನೂ ಕೆರೆದರೆ ಹುಡುಗಿ ಬಲ್ಲ ಹಳೆಯ ದನಿ ಈ ಮನೆಯಲ್ಲಿ ಎಳ್ಳಷ್ಟೂ ಉಳಿಯುವುದಿಲ್ಲ. ಎಣಿಕೆ ತಪ್ಪಿದ್ದರೆ ಹಿಂದಿರುಗುವ ದಾರಿಯಿಲ್ಲ. ನುಂಗುವಂತಿಲ್ಲ, ಉಗುಳುವಂತಿಲ್ಲ, ಬಿಸಿ ತುಪ್ಪದ ಪಾಡು.

"ಒಂದೇ ಸಾಕು ಅಂತ ಹೀಗೇ ಬಿಟ್ಬಿಡೋಣ್ವಾ?" ಗೌರಿ ಕೇಳುತ್ತಾರೆ.

"ಒಂದರಲ್ಲೇ ಕೇಳಿ ವಾರಕ್ಕೇ ಗೊಣಗಿದ್ದಾಳೆ, ತಿಂಗಳಿಗೆ ಎಂತ ಮಾಡ್ತಾಳೆ ಅಂತ ನನಗೆ ಗೊತ್ತಿಲ್ಲ. ಈ ಬಲದ್ದು ಮಳೆಗಾಲ ದಾಟುದಿಲ್ಲ. ಉದುರಿದ ಮೇಲೆ ಕೋನ್ ಉಜ್ಜಿ ಹರೀತದೆ. ಆಗ ನಾನು ಬಂದೂ ಪ್ರಯೋಜನ ಇಲ್ಲ."

"ನೀವ್ ಹೇಳಿ. ನೀವ್ ಮಾಡಿ ಅಂದ್ರೆ ಮಾಡೋಣ."

ಜುಬೈದಾ ಚೀಲದಿಂದ ಇನ್ನೊಂದು ಫೋಮ್ ಬಳೆ ತೆಗೆಯುತ್ತಾರೆ. ಎರಡನ್ನೂ ಒಟ್ಟಿಗೇ ಕೊಂಡಿದ್ದರು. "ಎರಡೂ ಒಂದೇ ಹಾಳೆಯಿಂದ ಕತ್ತರಿಸಿದ್ದು. ದನಿ ಒಂದೇ ಬರಬೇಕು. ಬರ್ತದೆ ಅಂತ ಆಣೆ ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ. ಮಾಡುವ."

ಸ್ಪೀಕರ್ ಬಿಚ್ಚಿ ಅಡುಗೆಮನೆಯ ನೆಲದಲ್ಲಿ ಪತ್ರಿಕೆ ಹಾಸಿ ಕೂರುತ್ತಾರೆ. ಗೌರಿ ಅಲುಗದಂತೆ ಹಿಡಿದಿದ್ದಾರೆ. ಜುಬೈದಾ ಕೆರೆಯುವ ಚೂರಿ ಎತ್ತಿ, ಕೆಳಗಿಟ್ಟು, ಕೈ ಒರೆಸಿಕೊಂಡು ಮತ್ತೆ ಎತ್ತುತ್ತಾರೆ. ಮೊದಲ ಚೂರು ಫೋಮ್ ಪತ್ರಿಕೆಯ ಮೇಲೆ ಬಿದ್ದಾಗ ಗೌರಿ ಕಣ್ಣು ಮುಚ್ಚುತ್ತಾರೆ. ಹಜಾರದಿಂದ ಎಡಗಡೆಯ ತಂಬೂರಿ ಕೇಳುತ್ತಲೇ ಇದೆ. ಹಳೆಯದೆಲ್ಲ ಕೆರೆದು ಹೋದ ಮೇಲೆ ಜುಬೈದಾ ಕೋನಿನ ಅಂಚಿನ ಸುತ್ತ ಬೆರಳಾಡಿಸಿ, ಕೂದಲೆಳೆಯಷ್ಟು ಉಳಿದ ಅಂಟನ್ನೂ ಹುಡುಕಿ ತೆಗೆಯುತ್ತಾರೆ. ಬಳೆ ಕೂರುತ್ತದೆ. ಕೋನನ್ನು ಮೇಲೆ ಕೆಳಗೆ ಒತ್ತಿ, ಕಿವಿ ಹತ್ತಿರ ತಂದು ಎಲ್ಲಾದರೂ ಉಜ್ಜುತ್ತದೆಯೇ ಎಂದು ಕೇಳುತ್ತಾರೆ. ಸದ್ದಿಲ್ಲ. ಇನ್ನು ಅಂಟು ಒಣಗಬೇಕು. ಹಿಂದಿರುಗುವ ರೈಲು ಅದಕ್ಕಾಗಿ ಕಾಯುವುದಿಲ್ಲ.

ಮಧ್ಯಾಹ್ನವಿಡೀ ಇಬ್ಬರೂ ಅಂಟು ಒಣಗುವುದನ್ನೇ ಕಾಯುತ್ತಾರೆ. ಆಗಲೇ ಗೌರಿ, ಎಷ್ಟೋ ದಿನದಿಂದ ಕೇಳಬೇಕೆಂದುಕೊಂಡದ್ದನ್ನು ಕೇಳುತ್ತಾರೆ. "ಇದೂ ಒಂದ್ ದಿನ ಉದುರುತ್ತಲ್ವಾ?"

"ಹತ್ತು ಹದಿನೈದು ವರ್ಷದಲ್ಲಿ. ಇಲ್ಲಿಯ ಗಾಳಿಗೆ ಅದಕ್ಕಿಂತ ಮೊದ್ಲೇ."

"ಆಗ ನೀವಿಲ್ದಿದ್ರೆ? ನಾನಿಲ್ದಿದ್ರೆ?"

ಜುಬೈದಾ ಎದ್ದು ಹೋಗಿ ಅಂಟಿಗೆ ಬೆರಳ ತುದಿ ತಾಗಿಸಿ ನೋಡುತ್ತಾರೆ. ಬಂದ ಮನೆಯ ಯಜಮಾನಿಗೆ ಸಮಾಧಾನದ ಸುಳ್ಳು ಹೇಳುವುದು ಅವರಿಗೆ ಬರುವುದಿಲ್ಲ.

ಸಂಜೆ ಬಿಸಿಲು ಕಿಟಕಿಯಿಂದ ಇಳಿಯುವಾಗ ಬಲಗಡೆಯ ಸ್ಪೀಕರ್ ತನ್ನ ಜಾಗಕ್ಕೆ ಹೋಗುತ್ತದೆ. ತಂತಿ ಸಿಕ್ಕಿಸುವುದನ್ನು ಗೌರಿ ಜುಬೈದಾಗೇ ಬಿಡುತ್ತಾರೆ. ಶ್ರುತಿ ಎರಡೂ ಕಡೆಯಿಂದ ಏಳುತ್ತದೆ. ಸಮೀಕ್ಷಾ ತನ್ನ ಕೋಣೆಯಿಂದ ಬಾಳೆಕಾಯಿ ಚಿಪ್ಸಿನ ಡಬ್ಬಿ ಹಿಡಿದು ಬರುತ್ತಾಳೆ, ಎರಡರ ನಡುವಿನ ತನ್ನ ಜಾಗದಲ್ಲಿ ಕೂರುತ್ತಾಳೆ, ಚಿಪ್ಸು ತಿನ್ನುತ್ತಾಳೆ. ಎಡಕ್ಕೂ ತಿರುಗುವುದಿಲ್ಲ, ಬಲಕ್ಕೂ ತಿರುಗುವುದಿಲ್ಲ. ಏನೂ ಆಗಿಯೇ ಇಲ್ಲ ಎಂಬಂತೆ ಕಣ್ಣು ಅರೆಮುಚ್ಚುತ್ತಾಳೆ. ಗೌರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋಗುತ್ತಾರೆ.

"ಕೆಲಸ ಆಗಿದೆ ಅಂತ ಯಾರಿಗೂ ಗೊತ್ತಾಗ್ಬಾರ್ದು. ಆಗ ಅದು ಸರಿಯಾಗಿದೆ ಅಂತ ಲೆಕ್ಕ," ಎನ್ನುತ್ತಾರೆ ಜುಬೈದಾ, ಹುಡುಗಿಯಿಂದ ಕಣ್ಣು ಕೀಳದೆ. ಆಮೇಲೆ ಉಪಕರಣಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಕೆರೆಯುವ ಚೂರಿ ಮತ್ತು ಅಂಟಿನ ಕುಂಚ ಬಿಟ್ಟು. ಅವೆರಡನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಗೌರಿಯ ಮುಂದಿಡುತ್ತಾರೆ.

"ತಿಂಗಳಿಗೊಮ್ಮೆ ಎಡಪ್ಪಳ್ಳಿಗೆ ಬನ್ನಿ, ಹಾಳಾದ ಸ್ಪೀಕರ್ ಬೇಕಾದಷ್ಟು ಉಂಟು, ಕಲಿಸ್ತೇನೆ. ಮುಂದಿನ ಸಲ ಇದನ್ನು ನೀವೇ ಕೆರೀಬೇಕು."

"ಅಯ್ಯೋ, ನನಗೆ ಭಯ ಆಗುತ್ತೆ ಅಕ್ಕ."

"ನೀವು ಕೆರೀರಿ. ಹೆದರುದು ನಾನು ನೋಡಿಕೊಳ್ತೇನೆ."