ಕೊನೆಯ ಇಪ್ಪತ್ತು ಪರ್ಸೆಂಟಿನ ಮಹಾಯುದ್ಧ

ಸುತ್ತಿಗೆ ಎಂಬ ಹೆಸರನ್ನು ಅವನಿಗೆ ಇಟ್ಟವರು ಹೆತ್ತವರಲ್ಲ, ಪೆಟ್ಟು ತಿಂದವರು. ಇಪ್ಪತ್ತಾರು ವರ್ಷ ಡೀಸೆಲ್ ಲಾರಿ ಓಡಿಸಿ, ದಾರಿಯುದ್ದಕ್ಕೂ ಬಂಕುಗಳಲ್ಲಿ ಪರರ ಹಲ್ಲುಗಳನ್ನು ಬಿತ್ತಿದ ವೀರ. ಅಂಥವನ ಕೈಗೆ ಮಾಲೀಕರು ಬ್ಯಾಟರಿ ಲಾರಿಯ ಕೀ ಕೊಟ್ಟು, "ಸಲೈನ್ ಬಾಟಲಿ ಸಂಜೆ ಐದು ಗಂಟೆಯೊಳಗೆ ಆಸ್ಪತ್ರೆ ಗೋದಾಮು ಮುಟ್ಟಿದ್ರೆ ಈ ಗಾಡಿಗೆ ನೀನೇ ಡ್ರೈವರು. ಇಲ್ಲಾಂದ್ರೆ ನಾಳೆಯಿಂದ ಯಾರ್ಡಲ್ಲಿ ಲಾರಿ ತೊಳಿ" ಎಂದಿದ್ದರು.

ಮಧ್ಯಾಹ್ನ ಹೆದ್ದಾರಿಯ ಚಾರ್ಜಿಂಗ್ ಸ್ಟೇಷನ್ ತಲುಪಿದಾಗ ಬ್ಯಾಟರಿಯಲ್ಲಿ ಉಳಿದದ್ದು ಒಂಬತ್ತು ಪರ್ಸೆಂಟ್. ಇದ್ದ ಎರಡು ಚಾರ್ಜರುಗಳಲ್ಲಿ ಒಂದು ಕೆಟ್ಟಿತ್ತು. ಇನ್ನೊಂದಕ್ಕೆ ಅವನದೇ ಕಂಪನಿಯ ಲಾರಿ ಕಚ್ಚಿಕೊಂಡಿತ್ತು. ಅದರ ಡ್ರೈವರು ಸಾಕ್ಷಾತ್ ಹೆಂಡತಿಯ ತಮ್ಮ. ಖಾಲಿ ಟ್ರೇಲರಿನೊಂದಿಗೆ ವಾಪಸು ಹೊರಟಿದ್ದ.

"ಲೇ, ಎಂಬತ್ಮೂರಾಯ್ತು. ಕಿತ್ಕೊಂಡು ನಡಿ."

"ನೂರಾಗ್ಲಿ ಭಾವ. ಟ್ಯಾಂಕ್ ಫುಲ್ ಮಾಡ್ದೆ ಹೊರಟೋನಲ್ಲ ನಾನು."

"ಇದು ಟ್ಯಾಂಕಲ್ಲ ಕಣೋ ಮಂಕೆ! ಎಂಬತ್ತರ ಮೇಲೆ ತೊಟ್ಟು ತೊಟ್ಟಾಗಿ ಕುಡಿಯತ್ತೆ. ಖಾಲಿ ಗಾಡಿಗೆ ನೂರು ಯಾಕೋ?"

"ಇರ್ಲಿ ಅಂತ."

ಆ ಉತ್ತರಕ್ಕೆ ಮೊದಲ ಗುದ್ದು ಮೂಗಿನ ಮೇಲೆ ಬಿತ್ತು. ರಕ್ತ ಎರಡು ಕಾಲುವೆಯಾಗಿ ಹರಿಯಿತು. ಭಾಮೈದ ಸಂಸ್ಕಾರವಂತ, "ದೊಡ್ಡೋರು ನೀವು" ಎನ್ನುತ್ತಲೇ ಹೊಟ್ಟೆಗೆ ತಲೆಯಿಂದ ಹಾಯ್ದ. ಇಬ್ಬರೂ ಟಾರು ನೆಲದ ಮೇಲೆ ಉರುಳಿದರು. ಸುತ್ತಿಗೆ ಕತ್ತು ಹಿಸುಕಿದ. ಭಾಮೈದ ಕಿವಿ ಕಚ್ಚಿದ.

"ಅಕ್ಕನ ಮುಖ ನೋಡಿ ಒಂದೇ ಕಿವಿಗೆ ಬಿಟ್ಟಿದೀನಿ ಭಾವ! ಕತ್ತು ಬಿಡಿ!"

ಡೀಸೆಲ್ ಕಾಲದಲ್ಲಿ ಜಗಳಕ್ಕೆ ಐದು ನಿಮಿಷ ಸಿಕ್ಕರೆ ಹೆಚ್ಚು. ಬ್ಯಾಟರಿ ಬಂದ ಮೇಲೆ ಒಂದೂವರೆ ಗಂಟೆ ಬಿಡುವು! ಕಾಯುತ್ತಿದ್ದ ಡ್ರೈವರುಗಳು ನೆರಳು ನೋಡಿ ಕೂತರು. ಸುತ್ತಿಗೆ ಎದ್ದು, ಇಪ್ಪತ್ತಾರು ವರ್ಷದ ಅನುಭವವನ್ನೆಲ್ಲ ಬಲಗೈಗೆ ತುಂಬಿ ಬೀಸಿದ. ಭಾಮೈದ ಬಗ್ಗಿದ. ಮುಷ್ಟಿ ಚಾರ್ಜರಿನ ಗಾಜಿಗೆ ಬಡಿಯಿತು. ಗಾಜು ಪುಡಿಯಾಯಿತು, ಕೈಮೂಳೆ ಲಟಕ್ಕೆಂದಿತು, ಯಂತ್ರ ಒಮ್ಮೆ ಕೂಗಿ ಸತ್ತಿತು.

ಈಗ ಒಂದು ಗಾಡಿಯಲ್ಲಿ ಒಂಬತ್ತು, ಇನ್ನೊಂದರಲ್ಲಿ ಎಂಬತ್ನಾಲ್ಕು.

"ನಿನ್ನ ಖಾಲಿ ಟ್ರೇಲರ್ ಬಿಚ್ಚು" ಎಂದು ಸುತ್ತಿಗೆ ನರಳಿದ. "ನನ್ನ ಸಲೈನ್ ಟ್ರೇಲರನ್ನ ನಿನ್ನ ಗಾಡಿಗೆ ಕಟ್ಟು."

"ಇದನ್ನ ಬಾಯಲ್ಲೇ ಕೇಳ್ಬಹುದಿತ್ತಲ್ಲ ಭಾವ!"

ಭಾಮೈದ ಓಡಿಸಿದ. ಊದಿದ ಕೈಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಸುತ್ತಿಗೆ ಪಕ್ಕದಲ್ಲಿ ಕೂತ. ನಾಲ್ಕು ನಲವತ್ತಕ್ಕೆ ಗೋದಾಮಿನ ಗೇಟು ಬಂತು.

"ಡ್ರೈವರ್ ಯಾರು?" ಎಂದ ಕಾವಲುಗಾರ.

"ನಾನು" ಎಂದರು ಇಬ್ಬರೂ.

ಕಾವಲುಗಾರ ಸರಕು ತಲುಪಿದ ಚೀಟಿಯನ್ನು ಸಹಿಗೆ ಚಾಚಿದ. ಸುತ್ತಿಗೆಯ ಬೆರಳುಗಳು ಪೆನ್ನು ಹಿಡಿಯಲಿಲ್ಲ. "ಬಿಡಿ ಭಾವ, ನಿಮಗ್ಯಾಕೆ ಕಷ್ಟ" ಎಂದು ಭಾಮೈದ ಚಾಲಕನ ಜಾಗದಲ್ಲಿ ತನ್ನದೇ ಸಹಿಯನ್ನು ಬಾಲ ಸಮೇತ ಎಳೆದ. ಆ ಚೀಟಿಯ ಫೋಟೋ ನೋಡಿದ ಮಾಲೀಕರು ಫೋನಿನಲ್ಲಿ ಸುತ್ತಿಗೆಯ ಗಾಡಿಯನ್ನೂ ಭಾಮೈದನಿಗೇ ಒಪ್ಪಿಸಿದರು.

ಜನ್ಮದಲ್ಲಿ ಒಬ್ಬರನ್ನೂ ಹೊಡೆಯದ ಸುತ್ತಿಗೆಯ ಎಡಗೈ, ಅಲ್ಲೇ ಗೇಟಿನಲ್ಲಿ ಚೊಚ್ಚಲ ಪೆಟ್ಟಿಗೇ ಭಾಮೈದನ ದವಡೆ ಸರಿಸಿತು. ಮರುದಿನ ಬೆಳಿಗ್ಗೆ ಯಾರ್ಡಿನಲ್ಲಿ ಲಾರಿ ತೊಳೆದದ್ದೂ ಅದೇ ಕೈ.